ಲಾಕ್‌ಡೌನ್ ಮುಗಿದ್ರೂ ಓಡೋ ಮನಸ್ಸು ಯಾಕೆ ವಾಪಸ್ ಬರ್ಲಿಲ್ಲ?

ಓದುಗರ ಪ್ರಶ್ನೆ: ಕೋವಿಡ್‌ಗೆ ಮುಂಚೆ ವಾರಕ್ಕೆ ನಾಲ್ಕು ದಿನ ಕಬ್ಬನ್ ಪಾರ್ಕಲ್ಲಿ ಓಡ್ತಿದ್ದೆ ಸಾರ್. ಲಾಕ್‌ಡೌನಲ್ಲಿ ನಿಂತೋಯ್ತು, ಆಮೇಲೆ ಶೂ ಹಾಕೋಕೂ ಮನಸ್ಸಿಲ್ಲ. ಸೋಮಾರಿ ಆಗ್ಬಿಟ್ನಾ?

ಇಲ್ಲ ಬಿಡಿ. ಇಷ್ಟೊಂದು ಜನಕ್ಕೆ ಒಂದೇ ಸಲ ಸೋಮಾರಿತನ ಬರೋದುಂಟಾ?

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಓಟದ ಜೊತೆ ಅದಕ್ಕೆ ಆಸರೆ ಆಗಿದ್ದೆಲ್ಲಾ ಹೋಯ್ತು. ಪಾರ್ಕ್ ಗೇಟ್ ಬಂದ್, ಭಾನುವಾರ ಕಾಯೋ ಗುಂಪಿಲ್ಲ, ಓಡಿದ್ಮೇಲೆ ದರ್ಶಿನೀಲಿ ನಿಂತ್ಕೊಂಡು ತಿನ್ನೋ ಇಡ್ಲಿ-ವಡೆ, ಬೈಟು ಕಾಫಿ ಇಲ್ಲ (ಎಷ್ಟೋ ಜನ ಓಡ್ತಿದ್ದಿದ್ದೇ ಅದಕ್ಕೆ, ಒಪ್ಕೊಳಲ್ಲ ಅಷ್ಟೇ), ಮೇ ತಿಂಗಳಿಗಿದ್ದ ಬೆಂಗಳೂರಿನ ಹತ್ತು ಕಿಲೋಮೀಟರ್ ರೇಸು ವರ್ಲ್ಡ್ ಟೆನ್‌ಕೆನೂ ಮುಂದಕ್ಕೆ ಹೋಯ್ತು, ನಮ್ಮಂಥವರೆಲ್ಲ ರಸ್ತೆ ತುಂಬ ಓಡೋ ಹಾಗೆ ಅದು ವಾಪಸ್ ಬಂದಿದ್ದು 2022ರ ಮೇನಲ್ಲಿ. 1897ರಲ್ಲಿ ಶುರುವಾದ ಬಾಸ್ಟನ್ ಮ್ಯಾರಥಾನೇ 2020ರಲ್ಲಿ ಮೊದಲ ಸಲ ಕ್ಯಾನ್ಸಲ್ ಆಯ್ತು ಅಂದ್ಮೇಲೆ ನಮ್ದೇನು. 2020ರ ಮೇನಲ್ಲೇ ಪಾರ್ಕ್ ತೆಗೆದ್ರು ನಿಜ, ಆದ್ರೆ ಟೈಮು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ಐದೂವರೆಗೆ ಓಡಿ ಅಭ್ಯಾಸ ಇರೋರಿಗೆ ಏಳು ಗಂಟೆ ಅಂದ್ರೆ ಬಿಸಿಲೂ ಬಂತು, ಆಫೀಸ್ ಕಾಲ್‌ಗಳೂ ಬಂದ್ವು.

ಡೆಸಿ ಮತ್ತೆ ರಯಾನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಹೇಳೋದು, ಒಂದು ಕೆಲಸದಲ್ಲಿ ಮನಸ್ಸು ನಿಲ್ಬೇಕು ಅಂದ್ರೆ ಮೂರು ಬೇಕು: ನಂಗಿಷ್ಟ ಬಂದ ಹಾಗೆ ಮಾಡ್ತೀನಿ ಅನ್ನೋದು, ನನ್ ಕೈಲಾಗುತ್ತೆ ಅನ್ನೋದು, ಜೊತೆಗೆ ಜನ ಇದ್ದಾರೆ ಅನ್ನೋದು. ಕೋವಿಡ್ ಮೂರಕ್ಕೂ ಒಟ್ಟಿಗೆ ಹೊಡೀತು. ಮೆಡಲ್‌ಗೋ ಗುಂಪಿಗೋ ಓಡ್ತಿದ್ದೋರು ನಿಂತ್ರು, ಸುಮ್ನೆ ತಲೆ ಹಗುರ ಆಗ್ಲಿ ಅಂತ ಓಡೋರು ಟೆರೇಸಲ್ಲೋ ಬೇಸ್‌ಮೆಂಟಲ್ಲೋ ಸುತ್ತು ಹಾಕಿದ್ರು, ವರ್ಕ್ ಫ್ರಮ್ ಹೋಮ್‌ನಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ ತಪ್ಪಿ ಮುಂಚೆಗಿಂತ ಜಾಸ್ತಿ ಓಡಿದೋರೂ ಇದ್ದಾರೆ.

ವಾಪಸ್ ಬರೋರು ಎಡವೋದು ಆ ಮೂರರಲ್ಲಿ ಎರಡನೇದ್ರಲ್ಲಿ, ‘ನನ್ ಕೈಲಾಗುತ್ತೆ’ ಅನ್ನೋದ್ರಲ್ಲಿ. ಎರಡು ಮೂರು ವಾರ ಬಿಟ್ರೇ ದಮ್ಮು ಇಳಿಯೋಕೆ ಶುರು, ತಿಂಗಳುಗಟ್ಟಲೆ ಬಿಟ್ಟೋರು ಹಳೇ ಸ್ಪೀಡಲ್ಲಿ ಹೊರಟ್ರೆ ಒಂದು ಕಿಲೋಮೀಟರ್‌ಗೇ ಏದುಸಿರು, ಅಲ್ಲಿಗೆ ‘ನಂದು ಮುಗೀತು’ ಅಂತ ತೀರ್ಮಾನ. ಅದಕ್ಕೇ ಓಟದ ಲೆಕ್ಕ ಇಡೋ ಸ್ಟ್ರಾವಾ ಆ್ಯಪಲ್ಲಿ ಹಳೇ ಟೈಮಿಂಗ್ ನೋಡ್ಲೇಬೇಡಿ. ಮಾತಾಡ್ಕೊಂಡು ಓಡೋ ಅಷ್ಟು ನಿಧಾನ, ಮಧ್ಯೆ ನಡೀರಿ, ಮರ್ಯಾದೆ ಏನೂ ಹೋಗಲ್ಲ. ಹೊಸ ವಾಚ್ ತಗೊಳೋದು ದಂಡ ಅಂತ ನನ್ನ ಅಭಿಪ್ರಾಯ, ಅದರ ಬದಲು ಗೇಟ್ ಹತ್ರ ಕಾಯೋ ಒಬ್ಬ ಫ್ರೆಂಡ್‌ನ ಹಿಡೀರಿ, ದಿನ, ಟೈಮು ಫಿಕ್ಸ್ ಮಾಡಿ, ರೇಸ್‌ಗೆ ಹೆಸರು ಆಮೇಲೆ ಕೊಡಿ.

ನಿಮಗೇ ಕೋವಿಡ್ ಬಂದಿದ್ರೆ ಮಾತ್ರ ಬೇರೆ ಲೆಕ್ಕ. ಲಕ್ಷಣ ಪೂರ್ತಿ ಹೋಗಿ 7 ದಿನ ಆಗ್ಲಿ, ಆಮೇಲೂ ಎರಡು ವಾರ ಬರೀ ಹಗುರವಾಗಿ ನಡೆದಾಡಿ ಅಂತ 2021ರಲ್ಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೇಲಿ ಡಾಕ್ಟರ್‌ಗಳು ಬರೆದಿದ್ರು. ಎದೆ ನೋವು, ಸುಮ್ಸುಮ್ನೆ ಎದೆ ಹೊಡ್ಕೊಳೋದು, ತಲೆ ಸುತ್ತು ಏನಾದ್ರೂ ಇದ್ರೆ ಡಾಕ್ಟರ್ ಹತ್ರ ಹೋಗಿ, ರನ್ನಿಂಗ್ ಗ್ರೂಪಿನ ವಾಟ್ಸಾಪಲ್ಲಿ ಕೇಳ್ಬೇಡಿ.