ಕ್ವೆರಿ ತಿದ್ದಿದರೆ ವೇಗ ಸಿಗುತ್ತದಾ? ಅಂದಾಜಿನ ಹಳೇ ಲೆಕ್ಕ

ಪುಣೆಯ ಹಿಂಜವಡಿಯಲ್ಲಿ ನಮ್ಮ ಟೀಮಿನಲ್ಲಿ ಮೂವರು ಕನ್ನಡದವರು. ಮೊನ್ನೆ ಧಾರವಾಡದ ಹುಡುಗಿ ಒಂದು ರಿಪೋರ್ಟ್ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ತಿದ್ದಿದಳು. ಕ್ವೆರಿಯೊಳಗಿನ ಕ್ವೆರಿ, ಅಂದರೆ ಸಬ್‌ಕ್ವೆರಿ ತೆಗೆದು, ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ಹಾಕಿದಳು. ಇಪ್ಪತ್ತು ಸೆಕೆಂಡಿನ ಕೆಲಸ ನಾಲ್ಕು ನಿಮಿಷಕ್ಕೆ ಹೋಯಿತು. "ನಾ ಬರದದ್ದ ತಪ್ಪೇನ್ರೀ ಸರ?"

ತಪ್ಪಿರಲಿಲ್ಲ. ಡೇಟಾಬೇಸ್‌ನ ಅಂದಾಜನ್ನೂ ನಿಜವಾಗಿ ನಡೆದದ್ದನ್ನೂ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ನೋಡಿದೆವು. ಡೇಟಾಬೇಸ್ 400 ಸಾಲು ಬರುತ್ತವೆ ಅಂದುಕೊಂಡಿತ್ತು. ಬಂದದ್ದು 90,000.

ಈ ಅಂದಾಜು ಶುರುವಾದದ್ದು 70ರ ದಶಕದಲ್ಲಿ. ಏನು ಬೇಕೆಂದು ಹೇಳಿದರೆ ಸಾಕು, ತರುವ ದಾರಿ ಯಂತ್ರವೇ ಹುಡುಕಲಿ ಎಂಬುದು 1970ರಲ್ಲಿ ಎಡ್ಗರ್ ಕಾಡ್ ಕೊಟ್ಟ, ಮಾಹಿತಿಯನ್ನು ಟೇಬಲ್‌ಗಳಾಗಿ ನೋಡುವ ರಿಲೇಷನಲ್ ಮಾದರಿಯಿಂದ ಬಂದ ಆಸೆ. 1975ರಲ್ಲಿ ಬರ್ಕ್ಲಿಯ ಸ್ಟೋನ್‌ಬ್ರೇಕರ್, ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮೇಲೆ ಕೇಳಿದ ಕ್ವೆರಿಯನ್ನು ಮೂಲ ಟೇಬಲ್‌ಗಳಿಗೆ ತಿದ್ದಿ ಬರೆಯುವ ದಾರಿ ತೋರಿಸಿದರು. ದಾರಿಗೆ ಬೆಲೆ ಕಟ್ಟಿದ್ದು 1979ರಲ್ಲಿ, ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು. ಡಿಸ್ಕಿನಿಂದ ಎಷ್ಟು ಪೇಜ್ ಓದಬೇಕು, ಸಿಪಿಯು ಎಷ್ಟು ದುಡಿಯಬೇಕು ಎಂದು ಕೂಡಿಸಿದರು. ಮಾಹಿತಿ ಇಲ್ಲದಿದ್ದರೆ 'ಇದಕ್ಕಿಂತ ಜಾಸ್ತಿ' ಎಂಬ ಷರತ್ತಿಗೆ ಮೂರರಲ್ಲೊಂದು ಸಾಲು ಸಿಗುತ್ತದೆ ಎಂದು ಹಿಡಿದರು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಕೋಡ್‌ನಲ್ಲಿ ಆ ಮೂರರಲ್ಲೊಂದು ಇವತ್ತಿಗೂ ಇದೆ!

ತಿದ್ದುವುದರಲ್ಲೂ ಎಡವಿದ್ದಾರೆ. ಸಬ್‌ಕ್ವೆರಿಯನ್ನು ಜಾಯಿನ್ ಆಗಿ ಬದಲಿಸುವ ವಿಧಾನ 1982ರಲ್ಲಿ ವೊನ್ ಕಿಮ್ ಕೊಟ್ಟರು. ಎಣಿಕೆ ಸೊನ್ನೆ ಬರಬೇಕಾದ ಸಾಲುಗಳು ಅದರಲ್ಲಿ ಮಾಯವಾಗುತ್ತಿದ್ದವು. ಉತ್ತರವೇ ತಪ್ಪಾದರೆ ವೇಗ ಯಾಕೆ ಬೇಕು, ಅಲ್ವಾ?

1992ರಲ್ಲಿ ವಿವರಿಸಿದ, ಐಬಿಎಂನ ಪ್ರಯೋಗದ ಡೇಟಾಬೇಸ್ ಸ್ಟಾರ್‌ಬರ್ಸ್ಟ್‌ನಲ್ಲಿ ಮೊದಲು ನಿಯಮದಂತೆ ತಿದ್ದುವುದು, ಖರ್ಚಿನ ಲೆಕ್ಕ ಆಮೇಲೆ. ನನಗೆ ಅನ್ನಿಸುವಂತೆ ತೊಡಕು ಅಲ್ಲೇ ಇತ್ತು. ತಿದ್ದಿದ್ದೆಲ್ಲ ಒಳ್ಳೆಯದಾಗಬೇಕೆಂದಿಲ್ಲ. 1996ರಲ್ಲಿ ಮುಂಬೈ ಐಐಟಿಯ ಎಸ್. ಸುದರ್ಶನ್ ಸೇರಿದಂತೆ ಹಲವರು ಬೇಡದ ಸಾಲುಗಳನ್ನು ಮೊದಲೇ ಸೋಸುವ 'ಮ್ಯಾಜಿಕ್' ಎಂಬ ತಿದ್ದುಪಡಿಯನ್ನು ಖರ್ಚು ನೋಡಿಯೇ ಆರಿಸಬೇಕೆಂದು ಬರೆದರು. 2006ರಲ್ಲಿ ಒರಾಕಲ್‌ನವರು ತಮ್ಮ ಡೇಟಾಬೇಸ್‌ನಲ್ಲೂ ಇದೇ ದಾರಿ ಹಿಡಿದದ್ದನ್ನು ವಿವರಿಸಿದರು.

ನಮ್ಮ 400 ಎಲ್ಲಿಂದ ಬಂತು? ಕ್ವೆರಿಯಲ್ಲಿ ತಾಲ್ಲೂಕು ಹವೇಲಿ, ಜಿಲ್ಲೆ ಪುಣೆ, ಜೊತೆಗೊಂದು ಪಿನ್‌ಕೋಡ್ ಇತ್ತು. ಹವೇಲಿ ಅಂದಮೇಲೆ ಪುಣೆ ಜಿಲ್ಲೆಯೇ ತಾನೆ? ಡೇಟಾಬೇಸ್‌ಗೆ ಅದು ಗೊತ್ತಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಮೂರೂ ಷರತ್ತುಗಳಿಗೆ ಸಿಗುವ ಸಾಲುಗಳ ಪಾಲನ್ನು ಸುಮ್ನೆ ಗುಣಿಸಿಬಿಟ್ಟಿತು. ಸಾಲು ಕಡಿಮೆ ಎಂದು ನಂಬಿ, ಒಂದೊಂದು ಸಾಲಿಗೂ ಎರಡನೇ ಟೇಬಲ್‌ನಲ್ಲಿ ಹುಡುಕುವ ನೆಸ್ಟೆಡ್ ಲೂಪ್ ಹಿಡಿಯಿತು. ಎರಡನೇ ಟೇಬಲ್‌ಗೆ 90,000 ಸಲ ಹೋಗಿ ಬಂತು.

2017ರ ಪೋಸ್ಟ್‌ಗ್ರೆಸ್ 10ರಿಂದ ಇಂಥ ಕಾಲಂಗಳ ನಂಟನ್ನು ಕ್ರಿಯೇಟ್ ಸ್ಟಾಟಿಸ್ಟಿಕ್ಸ್ ಎಂಬ ಆದೇಶದ ಮೂಲಕ ಹೇಳಿಕೊಡಬಹುದು. ಅವಳೇ ಆ ಸಾಲು ಟೈಪ್ ಮಾಡಿದಳು, ಅಂಕಿಅಂಶ ಕಲೆಹಾಕುವ ಅನಲೈಜ್ ಓಡಿಸಿದಳು. ಪ್ಲಾನ್, ಒಂದು ಟೇಬಲ್ ಅನ್ನು ಒಮ್ಮೆ ಓದಿ ಪಟ್ಟಿ ಮಾಡಿಕೊಂಡು ಹೊಂದಿಸುವ ಹ್ಯಾಶ್ ಜಾಯಿನ್‌ಗೆ ತಿರುಗಿತು. ಅವಳು ತಿದ್ದಿದ ಕ್ವೆರಿ ಒಂದಕ್ಷರವೂ ಬದಲಾಗದೆ ಮೂರು ಸೆಕೆಂಡಿನಲ್ಲಿ ಮುಗಿಯಿತು.