ಆರು ಗಂಟೆಗೆ ಮುಗಿಯದ ರಾಹುಕಾಲ

ಜೂನ್ ಕೊನೆಯ ಒಂದು ಭಾನುವಾರ ಸಂಜೆ, ಬೆಂಗಳೂರಿನಲ್ಲಿ ಹೊಸ ಕಾರಿನ ಪೂಜೆಗೆ ಹೋಗಿದ್ದೆ. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಯಜಮಾನರು ಮಾತ್ರ ಮೊಬೈಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. "ನಾಲ್ಕು ನಿಮಿಷ ತಡೀರಿ ಶಾಸ್ತ್ರಿಗಳೇ, ಆರಕ್ಕೆ ರಾಹುಕಾಲ ಮುಗಿಯುತ್ತೆ."

ಇದನ್ನು ಎಷ್ಟು ಮನೆಗಳಲ್ಲಿ ಬಿಡಿಸಿ ಹೇಳಿದ್ದೇನೋ! ಭಾನುವಾರ ನಾಲ್ಕೂವರೆಯಿಂದ ಆರು ಅನ್ನುವುದು ಸೂರ್ಯ ಬೆಳಿಗ್ಗೆ ಸರಿಯಾಗಿ ಆರಕ್ಕೆ ಹುಟ್ಟಿ ಸಂಜೆ ಆರಕ್ಕೆ ಮುಳುಗಿದರೆ ಬರುವ ಲೆಕ್ಕ. ನಿಮ್ಮ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಬೇಕು. ಸೋಮವಾರ ಎರಡನೇ ಪಾಲು ರಾಹುವಿಗೆ, ಭಾನುವಾರ ಕೊನೆಯದು. ಹಗಲು ಹಿಗ್ಗಿದರೆ ಪಾಲೂ ಹಿಗ್ಗುತ್ತೆ, ಅಲ್ವಾ?

ಆ ದಿನದ್ದೇ ನೋಡಿ. ಸೂರ್ಯೋದಯ ಸುಮಾರು 5.55, ಸೂರ್ಯಾಸ್ತ ಸುಮಾರು 6.48. ಹಗಲು 12 ಗಂಟೆ 53 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಪಾಲು ಹತ್ತಿರ ಹತ್ತಿರ 97 ನಿಮಿಷ. ಅಂದರೆ ರಾಹುಕಾಲ ಶುರುವಾಗುವುದೇ 5.11ಕ್ಕೆ, ಮುಗಿಯುವುದು 6.48ಕ್ಕೆ. ಪಾಪ, ನಾಲ್ಕೂವರೆಯಿಂದ ಕಾದು ಕಾದು, ಸರಿಯಾಗಿ ಅದರ ನಡುವೆ ಗಾಡಿ ತೆಗೆಯಲು ಹೊರಟಿದ್ದರು. ಐದಕ್ಕೇ ತೆಗೆದಿದ್ದರೆ ಏನೂ ತೊಂದರೆ ಇರಲಿಲ್ಲ.

ಕೆಲವು ಮನೆಗಳಲ್ಲಿ ಹಿರಿಯರು ಆರರಿಂದ ಆರು ಎಂದೇ ಹಿಡಿಯುತ್ತಾರೆ. ಅದನ್ನು ತಪ್ಪು ಅನ್ನಲು ನಾನು ಹೋಗುವುದಿಲ್ಲ. ಆದರೆ ಲಗ್ನಕ್ಕೆ ನನ್ನ ಪಂಚಾಂಗ, ರಾಹುವಿಗೆ ಅಡುಗೆಮನೆ ಕ್ಯಾಲೆಂಡರ್ ಅಂದರೆ ಹೇಗೆ ಸ್ವಾಮಿ? ಉಡುಪಿಯಲ್ಲಿ ಸೂರ್ಯ ಬೆಂಗಳೂರಿಗಿಂತ ಹತ್ತು ಹನ್ನೊಂದು ನಿಮಿಷ ತಡವಾಗಿ ಹುಟ್ಟುತ್ತಾನೆ. ಅಷ್ಟು ಹೋಗಲಿ ಬಿಡಿ. ಲಂಡನ್ನಿನಲ್ಲಿರುವ ಮಕ್ಕಳಿಗೂ ಅದೇ ಕ್ಯಾಲೆಂಡರಿನ ಫೋಟೋ ವಾಟ್ಸಾಪ್ ಮಾಡುತ್ತಾರೆ! ಅಲ್ಲಿ ಜೂನ್ ಕೊನೆಯಲ್ಲಿ ಒಂದು ಪಾಲು ಎರಡು ಗಂಟೆ ದಾಟುತ್ತೆ, ಡಿಸೆಂಬರ್ ಕೊನೆಯಲ್ಲಿ ಒಂದು ಗಂಟೆಯೂ ತುಂಬುವುದಿಲ್ಲ. ಜೂನ್ ಕೊನೆಯ ಭಾನುವಾರ ಅಲ್ಲಿ ಸಂಜೆ ಏಳೂಕಾಲರಿಂದ ಒಂಬತ್ತೂಕಾಲು ದಾಟುವವರೆಗೆ ರಾಹುಕಾಲ ಅಂದರೆ ಇಲ್ಲಿ ಅಮ್ಮ ನಂಬುವುದೇ ಇಲ್ಲ.

ಅವತ್ತು ಇಷ್ಟೆಲ್ಲ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ಮಳೆ ಬರೋ ಹಾಗಿದೆ, ತೆಗಿ ಮಗಾ" ಅಂದರು. ಯಜಮಾನರು ನನ್ನ ಮುಖ ನೋಡಿದರು. ನಾನು ಸುಮ್ನೆ ತೆಂಗಿನಕಾಯಿ ಅವರ ಕೈಗೆ ಕೊಟ್ಟೆ. 6.02ಕ್ಕೆ ನಿಂಬೆಹಣ್ಣು ಚಟ್ ಅಂದವು.