ಗಾಳದ ಕೋಲಿಗೆ ದಾರದ ಚಿತ್ತಾರ ಸುತ್ತುವ ಕೆಲಸ

ಕಲಿಯಲು ಬರುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಒಂದು ಚಿತ್ರ ಇಟ್ಟುಕೊಂಡೇ ಬರುತ್ತಾರೆ. ಹಿಡಿಯ ಮುಂದೆ ಗೇಣುದ್ದಕ್ಕೆ ಕೆಂಪು, ಹೊನ್ನು, ನೀಲಿ ಎಳೆಗಳ ವಜ್ರಗಳು ಸಾಲುಗಟ್ಟಿರುವ, ಹೊಳೆಯುವ ಗಾಳದ ಕೋಲಿನ ಚಿತ್ರ ಅದು. ಎಷ್ಟು ಬಣ್ಣದ ದಾರ ತರಿಸಬೇಕು ಎಂಬುದು ಅವರ ಮೊದಲ ಪ್ರಶ್ನೆ. ಎರಡು ಸಾಕು ಎಂದರೆ ಮುಖ ಸಪ್ಪಗಾಗುತ್ತದೆ. ಆದರೆ ಕೆಟ್ಟ ಸುತ್ತುಗಳನ್ನು ಬಿಚ್ಚುತ್ತಾ ಹೋದರೆ ಕೊನೆಗೆ ತಪ್ಪು ಸಿಗುವುದು ಬಣ್ಣದಲ್ಲಲ್ಲ, ಎಲ್ಲಕ್ಕಿಂತ ಕೆಳಗಿರುವ ಮೊದಲ ಜೋಡಿ ಎಳೆಗಳಲ್ಲಿ. ಈ ಅಂಕಣದ ತಿರುಳು ಆ ಎರಡು ಎಳೆಗಳೇ.

ಮೊದಲು ಸ್ವಲ್ಪ ಹಿನ್ನೆಲೆ. 19ನೇ ಶತಮಾನದಲ್ಲಿ ಅಮೆರಿಕದ ಕುಶಲಕರ್ಮಿಗಳು ಬಿದಿರನ್ನು ಸೀಳಿ, ತ್ರಿಕೋನದ ಪಟ್ಟಿಗಳಾಗಿ ಹೆರೆದು, ಆರು ಪಟ್ಟಿಗಳನ್ನು ಅಂಟಿಸಿ ಷಟ್ಕೋನದ ಕೋಲು ಮಾಡತೊಡಗಿದರು. ಮೇನ್ ರಾಜ್ಯದ ಹೈರಮ್ ಲೆನರ್ಡ್ ಆ ಕಾಲದ ದೊಡ್ಡ ಹೆಸರು. ಅವರ ಪೀಳಿಗೆಯವರು ಬಳಸಿದ ಬಿದಿರು ನಮ್ಮ ದೇಶದ್ದು. ಕಲ್ಕತ್ತಾ ಬಂದರಿನಿಂದ ಹಡಗೇರಿ ಹೋಗುತ್ತಿದ್ದ ಕಾರಣಕ್ಕೆ ‘ಕಲ್ಕತ್ತಾ ಕೇನ್’ ಎಂದೇ ಅದಕ್ಕೆ ಹೆಸರಾಗಿತ್ತು. ದಕ್ಷಿಣ ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿದದ್ದು ಆಮೇಲೆ. ಆಗಿನ ಅಂಟು ಪ್ರಾಣಿಗಳ ಚರ್ಮವನ್ನು ಕುದಿಸಿ ತೆಗೆದದ್ದು, ತೇವ ತಗುಲಿದರೆ ಬಿಟ್ಟುಕೊಳ್ಳುವಂಥದ್ದು. ಪಟ್ಟಿಗಳು ಬಾಯಿ ಬಿಡದಂತೆ ಅಲ್ಲಲ್ಲಿ ರೇಷ್ಮೆ ದಾರದ ಸಣ್ಣ ಸಣ್ಣ ಕಟ್ಟು ಹಾಕುತ್ತಿದ್ದರು. ಒಳ್ಳೆಯ ಅಂಟು ಬಂದ ಮೇಲೂ ಆ ಕಟ್ಟುಗಳು ಚೆಂದಕ್ಕೆಂದು ಉಳಿದುಕೊಂಡವು. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರವನ್ನು ನಿರ್ಬಂಧಿಸಿ ಬಿದಿರಿನ ಪೂರೈಕೆ ಕಡಿದಾಗ ಫೈಬರ್‌ಗ್ಲಾಸ್ ಕೋಲು ಮೇಲುಗೈ ಪಡೆಯಿತು. ಅದರ ಬುಡ ದುಂಡು, ದಪ್ಪ, ನುಣುಪು. ಚಿತ್ತಾರಕ್ಕೆ ಬೇಕಾದ ಅಂಗಳವೇ ಸಿಕ್ಕಂತಾಯಿತು. ಇಂದು ನಾವು ನೋಡುವ ಅಡ್ಡಸುತ್ತಿನ ವಜ್ರಗಳು ಮುಂದಿನ ದಶಕಗಳಲ್ಲಿ ಅಮೆರಿಕದ ಕರಾವಳಿಯ ಸಮುದ್ರ ಗಾಳಗಾರರ ಕೋಲುಗಳ ಮೇಲೆ ಬೆಳೆದವು.

ದಾರದ ಮೂಲ ಕೆಲಸ ಈಗಲೂ ಹಿಡಿದು ನಿಲ್ಲಿಸುವುದೇ. ನೂಲು ಹಾಯುವ ಉಂಗುರಗಳನ್ನು, ಅಂದರೆ ಗೈಡ್‌ಗಳನ್ನು, ಕೋಲಿಗೆ ಮೊಳೆ ಹೊಡೆದು ಕೂರಿಸುವುದಿಲ್ಲ. ತೂತು ಬಿದ್ದ ಗ್ರಾಫೈಟ್ ಕೋಲು, ಅಂದರೆ ಇಂಗಾಲದ ಎಳೆಗಳ ಟೊಳ್ಳು ಕೋಲು, ಅಲ್ಲೇ ಮುರಿಯುತ್ತದೆ. ಗೈಡ್‌ನ ಪಾದದ ಮೇಲೆ ದಾರ ಸುತ್ತಿ ಎಪಾಕ್ಸಿ, ಅಂದರೆ ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ತಿಳಿ ಅಂಟು, ಹಚ್ಚುವುದೊಂದೇ ದಾರಿ. ಆದ್ದರಿಂದ ನನ್ನ ಬಳಿ ಬರುವವರು ಮೊದಲು ಒಂದು ಗೈಡ್ ಕಟ್ಟಿ ತೋರಿಸಬೇಕು. ಪಾದದ ತುದಿಯನ್ನು ಅರದಿಂದ ಉಜ್ಜಿ ತೆಳುವಾದ ಇಳಿಜಾರು ಮಾಡಿಕೊಳ್ಳದಿದ್ದರೆ ದಾರ ಹತ್ತುವಲ್ಲಿ ಮೆಟ್ಟಿಲಾಗಿ, ಅಲ್ಲೊಂದು ಸಂದು ಉಳಿಯುತ್ತದೆ. ಸುತ್ತಿನ ಮೊದಲ ತುದಿಯನ್ನು ಅದರ ಮೇಲೆಯೇ ಐದಾರು ಸುತ್ತು ಹಾಯಿಸಿ ಅದುಮಿ ಹಿಡಿಯುತ್ತೇವೆ. ಕೊನೆಯ ಏಳೆಂಟು ಸುತ್ತುಗಳ ಕೆಳಗೆ ಒಂದು ದಾರದ ಕುಣಿಕೆ ಇಟ್ಟು, ಕತ್ತರಿಸಿದ ತುದಿಯನ್ನು ಅದರೊಳಗೆ ಹಾಯಿಸಿ ಎಳೆದುಬಿಟ್ಟರೆ ಗಂಟಿಲ್ಲದೆ ಕೆಲಸ ಮುಗಿಯುತ್ತದೆ. ಕಟ್ಟಿದ ಮೇಲೆ ಗೈಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ. ಬಲ ಹಾಕಿದಾಗ ಕೂದಲೆಳೆಯಷ್ಟು ಸರಿಯಬೇಕು, ಬಿಟ್ಟಾಗ ಅಲ್ಲೇ ನಿಲ್ಲಬೇಕು. ಸ್ವಲ್ಪವೂ ಸರಿಯದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ತೀರಾ ಬಿಗಿದ ದಾರದಡಿ ಗೈಡ್‌ನ ಚೂಪು ಅಂಚು ಕೋಲಿನ ತೆಳು ಗೋಡೆಗೆ ಕಚ್ಚಿಕೊಳ್ಳುತ್ತದೆ.

ಬಿಗಿಯ ಅಂದಾಜು ಕೈಗೆ ಬರಲು ದುಬಾರಿ ಯಂತ್ರ ಬೇಕಿಲ್ಲ. ಕೋಲನ್ನು ಮಲಗಿಸಲು ‘ವಿ’ ಆಕಾರದ ಕಚ್ಚು ಇರುವ ಎರಡು ಮರದ ಹಲಗೆಗಳು, ದಾರದ ಉರುಳೆಯನ್ನು ಇಡಲು ಒಂದು ಲೋಟ, ದಾರ ಹಾಯಿಸಲು ಒಂದು ದಪ್ಪ ಪುಸ್ತಕ ಸಾಕು. ಪುಟಗಳ ನಡುವೆ ದಾರ ಹಾಯಿಸಿ ಮೇಲೆ ಭಾರ ಇಡುತ್ತೇವೆ. ಭಾರ ಹೆಚ್ಚಿದಂತೆ ಬಿಗಿ ಹೆಚ್ಚುತ್ತದೆ. ಹಳೆಯ ನಿಘಂಟು ಈ ಕೆಲಸಕ್ಕೆ ಬಹಳ ಒಗ್ಗುತ್ತದೆ. ದಾರವನ್ನು ಅಕ್ಷರಗಳಿಂದ ಗುರುತಿಸುತ್ತಾರೆ: ‘ಎ’ ತೆಳುವಾದದ್ದು, ಸುಮಾರು 0.15 ಮಿ.ಮೀ.; ‘ಡಿ’ ದಪ್ಪ, ಸುಮಾರು 0.25 ಮಿ.ಮೀ. ಸಣ್ಣ ಗೈಡ್‌ಗಳಿಗೆ ‘ಎ’, ಬುಡದ ಚಿತ್ತಾರಕ್ಕೆ ಕಲಿಯುವಾಗ ‘ಡಿ’ ತೆಗೆದುಕೊಳ್ಳಿ. ಟೈಲರ್ ಅಂಗಡಿಯ ಹೊಲಿಗೆ ದಾರ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಅಭ್ಯಾಸಕ್ಕೆ ನಡೆಯುತ್ತದೆ. ಆದರೆ ಹತ್ತಿ ಬೆರೆತ ದಾರದ ಜುಂಗು ಎಪಾಕ್ಸಿಯ ಅಡಿಯಲ್ಲಿ ಎದ್ದು ಕಾಣುತ್ತದೆ; ನೈಲಾನ್ ಅಥವಾ ಪಾಲಿಯೆಸ್ಟರ್‌ನ ನುಣುಪು ಅದಕ್ಕಿಲ್ಲ.

ಇನ್ನು ವಜ್ರದ ಲೆಕ್ಕ. ಒಂದೇ ಬಿಂದುವಿನಿಂದ ಒಂದು ಎಳೆ ಬಲಕ್ಕೆ, ಇನ್ನೊಂದು ಎಡಕ್ಕೆ ಸುರುಳಿಯಾಗಿ ಹೊರಟರೆ ಅರ್ಧ ಸುತ್ತಿನ ಬಳಿಕ ಅವು ಕೋಲಿನ ಹಿಂಬದಿಯಲ್ಲಿ ಕೂಡುತ್ತವೆ, ಪೂರ್ಣ ಸುತ್ತಿಗೆ ಮತ್ತೆ ಮುಂಬದಿಗೆ ಬರುತ್ತವೆ. ಹಾಗಾಗಿ ಮುಂಬದಿಯ ಸಾಲಿನ ಸಂಧಿಗಳು, ಅಂದರೆ ಎಳೆಗಳು ಕೂಡುವ ಬಿಂದುಗಳು, ಹಿಂಬದಿಯ ಸಾಲಿನ ಸಂಧಿಗಳ ನಡುವೆ ಬೀಳುತ್ತವೆ. ಪ್ರತಿ ಸಂಧಿಯೂ ಮುಂದೆ ಒಂದು ವಜ್ರದ ನಡುಬಿಂದುವಾಗುತ್ತದೆ. ಚುಕ್ಕಿ ರಂಗೋಲಿ ಬಿಡಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಚುಕ್ಕಿ ಓರೆಯಾದರೆ ಗೆರೆ ಎಷ್ಟು ಚೆಂದವಿದ್ದರೂ ರಂಗೋಲಿ ಓರೆಯೇ.

ಸಂಧಿಗಳ ನಡುವಿನ ಅಂತರ ಎಷ್ಟಿರಬೇಕು? ಕೋಲಿನ ಬುಡ 14 ಮಿ.ಮೀ. ದಪ್ಪವಿದ್ದರೆ ಸುತ್ತಳತೆ ಸುಮಾರು 44 ಮಿ.ಮೀ. ಒಂದು ಪೂರ್ಣ ಸುತ್ತಿಗೆ ಎಳೆ 44 ಮಿ.ಮೀ. ಮುಂದೆ ಸಾಗಿದರೆ ಅದು 45 ಡಿಗ್ರಿಯಲ್ಲಿ ಓಡುತ್ತದೆ, ಎಳೆಗಳು ಲಂಬವಾಗಿ ಕತ್ತರಿಸುತ್ತವೆ, ಚೌಕದಂಥ ವಜ್ರ ಬರುತ್ತದೆ. ಅಂತರ ಹೆಚ್ಚಿಸಿದರೆ ವಜ್ರ ಕೋಲಿನ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಬಹಳ ಜನರ ಕಣ್ಣಿಗೆ ಹಿಡಿಸುವುದು ಸ್ವಲ್ಪ ಉದ್ದನೆಯ ವಜ್ರವೇ, ನನಗೂ ಅದೇ ಇಷ್ಟ. ತೊಡಕು ಇರುವುದು ಕೋಲು ಮುಂದೆ ಸಾಗಿದಂತೆ ಸಣ್ಣಗಾಗುವುದರಲ್ಲಿ. 12 ಮಿ.ಮೀ.ಗೆ ಇಳಿದಲ್ಲಿ ಸುತ್ತಳತೆ 38 ಮಿ.ಮೀ. ಮಾತ್ರ. ಅಲ್ಲೂ ಅದೇ 44ರ ಅಂತರ ಇಟ್ಟರೆ ಮುಂದಿನ ವಜ್ರಗಳು ಹಿಂದಿನವಕ್ಕಿಂತ ನೀಳವಾಗುತ್ತವೆ, ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಆದ್ದರಿಂದ ಪ್ರತಿ ಗುರುತಿನ ಬಳಿ ದಪ್ಪವನ್ನು ಅಳೆದು ಅಂತರವನ್ನು ಅದೇ ಪ್ರಮಾಣದಲ್ಲಿ ಇಳಿಸಬೇಕು.

ತುಂಬುವ ಎಳೆಗಳ ಲೆಕ್ಕವೂ ಇಲ್ಲೇ ಇದೆ. 14 ಮಿ.ಮೀ. ಬುಡದಲ್ಲಿ 45 ಡಿಗ್ರಿಯ ಎರಡು ಸುರುಳಿಗಳ ನಡುವೆ ಲಂಬವಾಗಿ 31 ಮಿ.ಮೀ. ಜಾಗವಿರುತ್ತದೆ, ‘ಡಿ’ ದಾರದಲ್ಲಿ ಅದನ್ನು ಪೂರ್ತಿ ಮುಚ್ಚಲು ಒಂದೊಂದು ದಿಕ್ಕಿಗೂ 120ಕ್ಕಿಂತ ಹೆಚ್ಚು ಎಳೆ ಬೇಕು. 12 ಮಿ.ಮೀ. ಇರುವಲ್ಲಿ ಹಿಡಿಸುವುದು 107ರಷ್ಟು ಮಾತ್ರ. ಉಳಿದವು ಎಲ್ಲಿಗೆ ಹೋಗಬೇಕು? ಒಂದರ ಮೇಲೊಂದು ಹತ್ತಿ ಗಂಟುಗಂಟಾಗುತ್ತವೆ. ಕಲಿಯುವವರು ಪೂರ್ತಿ ಮುಚ್ಚಿದ ಚಿತ್ತಾರಕ್ಕೆ ಕೈ ಹಾಕಬೇಡಿ ಎನ್ನುವುದು ಇದಕ್ಕೇ. ಕೆಳಗೆ ಒಂದೇ ಬಣ್ಣದ ದಾರವನ್ನು ಒತ್ತೊತ್ತಾಗಿ ಸುತ್ತಿ ಹಾಸು ಮಾಡಿ, ಅದರ ಮೇಲೆ ಹತ್ತು ಹನ್ನೆರಡು ಎಳೆಗಳ ತೆರೆದ ವಜ್ರ ಹಾಕಿದರೆ ನೋಟವೂ ಹಗುರ, ತಪ್ಪಾಗುವುದೂ ಕಡಿಮೆ.

ಗುರುತು ಹಾಕುವ ಕ್ರಮ ಹೀಗೆ. ಕೋಲಿನ ಉದ್ದಕ್ಕೂ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ನೇರ ಗೆರೆ ಕಂಡುಕೊಳ್ಳಿ, ಅದಕ್ಕೆ ಸರಿ ಎದುರು ಬದಿಯಲ್ಲಿ ಇನ್ನೊಂದು. ಮುಂಬದಿಯ ಗೆರೆ ಗೈಡ್‌ಗಳ ಸಾಲಿನ ನೇರಕ್ಕೇ ಇರಬೇಕು, ಇಲ್ಲವಾದರೆ ಮುಗಿದ ಕೋಲನ್ನು ಹಿಡಿಯ ಕಡೆಯಿಂದ ಕಣ್ಣಿಗೆ ಹಿಡಿದಾಗ ವಜ್ರಗಳು ಒಂದು ಕಡೆಗೆ ಜಾರಿದಂತೆ ಕಾಣುತ್ತವೆ. ಗೆರೆಗಳ ಮೇಲೆ ಮೇಣದ ಪೆನ್ಸಿಲ್‌ನಲ್ಲಿ ಸಂಧಿಗಳನ್ನು ಗುರುತಿಸಿ, ಎರಡೂ ತುದಿಗಳಲ್ಲಿ ಕಾಗದದ ಅಂಟುಪಟ್ಟಿ ಸುತ್ತಿ. ಮೊದಲ ಎಳೆ ಹಿಂದಿನ ಪಟ್ಟಿಯಿಂದ ಹೊರಟು ಗುರುತುಗಳ ಮೇಲೆ ಹಾಯುತ್ತಾ ಮುಂದಿನ ಪಟ್ಟಿಯನ್ನು ಬಳಸಿ, ಎದುರು ದಿಕ್ಕಿನ ಸುರುಳಿಯಾಗಿ ವಾಪಸು ಬರುತ್ತದೆ. ಇಲ್ಲಿ ನಿಲ್ಲಿಸಿ. ನಯವಾದ ಎಲುಬಿನ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಪ್ರತಿ ಸಂಧಿಯನ್ನೂ ತಳ್ಳಿ ಗೆರೆಯ ಮೇಲೆ ಕೂರಿಸಿ. ಒಮ್ಮೆ ಹಿಡಿಯ ಕಡೆಯಿಂದ, ಒಮ್ಮೆ ತುದಿಯ ಕಡೆಯಿಂದ ನೋಡಿ. ಊಟ ಮಾಡಿಕೊಂಡು ಬಂದು ಮತ್ತೆ ನೋಡಿ. ಮುಂದಿನ ಎಳೆಗಳೆಲ್ಲ ಈ ಜೋಡಿಗೆ ಒರಗಿಯೇ ಕೂರುವುದರಿಂದ ಇಲ್ಲಿನ ಒಂದು ಮಿಲಿಮೀಟರ್ ವಾಲು ಕೊನೆಯವರೆಗೂ ಹಾಗೇ ಉಳಿಯುತ್ತದೆ, ಬಣ್ಣ ಸೇರಿದಂತೆ ಇನ್ನಷ್ಟು ಎದ್ದು ಕಾಣುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ನಡು ಎಳೆಯ ಎರಡೂ ಬದಿಗೆ ಒಂದೊಂದೇ ಎಳೆ ಸೇರಿಸುತ್ತಾ ಹೋದರೆ ವಜ್ರ ಬೆಳೆಯುತ್ತದೆ. ಒಂದೇ ಬದಿಗೆ ಸೇರಿಸುತ್ತಾ ಹೋದರೆ ಬಾಣದ ತಲೆಯಂಥ ಶೆವ್ರಾನ್ ಬರುತ್ತದೆ. ಯಾವ ಬದಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಕ್ರಮವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಡುವೆ ದೂರವಾಣಿ ಬಂದರೆ ಮರೆತುಹೋಗುತ್ತದೆ, ಮೇಲೆ ಕೆಳಗಾದ ಒಂದು ಎಳೆ ಇಡೀ ಸಾಲಿನ ಸಮತೆ ಕೆಡಿಸುತ್ತದೆ. ಎಲ್ಲ ಮುಗಿದ ಮೇಲೆ ಎರಡೂ ತುದಿಗಳಲ್ಲಿ ಬಿಗಿಯಾದ ಪಟ್ಟಿಸುತ್ತು ಹಾಕಿ ಎಳೆಗಳನ್ನು ಕಟ್ಟಿ, ಅದರಾಚೆಗಿನದನ್ನು ಅಂಟುಪಟ್ಟಿಯ ಸಮೇತ ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತೇವೆ.

ಕೋಲಿನ ಮೇಲೆ ಕನ್ನಡದಲ್ಲಿ ಹೆಸರು ನೇಯಬಹುದೇ ಎಂದು ಕೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ನೇಯ್ಗೆಯ ವಿಧಾನವೇ ಬೇರೆ: ಬಣ್ಣದ ಎಳೆಗಳನ್ನು ಕೋಲಿನ ಉದ್ದಕ್ಕೆ ಹಾಸಿ, ಪ್ರತಿ ಸುತ್ತಿಗೂ ಕೆಲವನ್ನು ಮೇಲೆತ್ತಿ ಕೆಲವನ್ನು ಕೆಳಗಿಟ್ಟು, ಚೌಕಳಿ ಕಾಗದದ ಚಿತ್ರದಂತೆ ಸಾಲು ಸಾಲಾಗಿ ಕಟ್ಟುವುದು. ಇಂಗ್ಲಿಷಿನ ನೇರ ಗೆರೆಯ ದೊಡ್ಡಕ್ಷರಗಳು ಇದಕ್ಕೆ ಸುಲಭವಾಗಿ ಬಗ್ಗುತ್ತವೆ. ನಮ್ಮ ದುಂಡನೆಯ ಅಕ್ಷರಕ್ಕೆ, ಅದರಲ್ಲೂ ಒತ್ತಕ್ಷರಕ್ಕೆ, ಎತ್ತರ ಬೇಕು. ಒಮ್ಮೆಗೆ ಕಣ್ಣಿಗೆ ಕಾಣುವ ಕೋಲಿನ ಮೈ ಒಂದೆರಡು ಬೆರಳ ಅಗಲವೂ ಇರುವುದಿಲ್ಲ. ‘ರಮಾ’ ಎಂಬ ಹೆಸರಾದರೆ ನೋಡೋಣ ಎನ್ನುತ್ತೇನೆ. ‘ಕೃಷ್ಣಮೂರ್ತಿ’ಯಾದರೆ ಪೆನ್ನಿನಲ್ಲಿ ಬರೆದು ಮೇಲೆ ಎಪಾಕ್ಸಿ ಹಚ್ಚಿಕೊಡುತ್ತೇನೆ.

ಬಣ್ಣದ ಮಾತಿಗೆ ಬರೋಣ. ಉರುಳೆಯಲ್ಲಿ ಕಾಣುವ ಬಣ್ಣ ಕೋಲಿನ ಮೇಲೆ ಉಳಿಯುವುದಿಲ್ಲ. ನೈಲಾನ್ ಎಳೆಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದಾರ ದಟ್ಟವಾಗಿ ಕಾಣುತ್ತದೆ. ಎಪಾಕ್ಸಿ ಆ ಜಾಗ ತುಂಬಿತೆಂದರೆ ದಾರವೂ ಅಂಟೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಗ್ಗಿಸುತ್ತವೆ, ದಾರ ಅರೆಪಾರದರ್ಶಕವಾಗುತ್ತದೆ, ಅಡಿಯ ಕಪ್ಪು ಗ್ರಾಫೈಟ್ ಇಣುಕುತ್ತದೆ. ಹಳದಿ ಕೆಸರಾಗುತ್ತದೆ, ಬಿಳಿ ಮಾಯವಾಗುತ್ತದೆ. ತಡೆಯಲು ಎರಡು ದಾರಿಗಳಿವೆ: ಮೊದಲು ಬಣ್ಣರಕ್ಷಕ ದ್ರವ ಹಚ್ಚಿ ಪೂರ್ತಿ ಒಣಗಿಸುವುದು, ಅಥವಾ ಬಣ್ಣ ಬದಲಾಗದಂತೆ ಸಿದ್ಧಪಡಿಸಿದ ಎನ್‌ಸಿಪಿ ದಾರವನ್ನೇ ಕೊಳ್ಳುವುದು. ಎರಡನೆಯದರಲ್ಲಿ ಬಣ್ಣ ನಿಲ್ಲುತ್ತದೆ, ಆದರೆ ಆಳ ಇರುವುದಿಲ್ಲ, ಬಳಿದಂತೆ ಕಾಣುತ್ತದೆ. ಕಡುಗೆಂಪು, ಕಂದು, ಕಡುಹಸಿರು ದಾರಗಳನ್ನು ರಕ್ಷಕವಿಲ್ಲದೆ ಬಿಡುವುದೇ ನನಗೆ ಮೆಚ್ಚು. ಬಿಸಿಲಿಗೆ ಹಿಡಿದಾಗ ಒಳಗಿನಿಂದ ಹೊಳೆಯುತ್ತವೆ. ಹೇಗೆ ಬರುತ್ತದೆಂದು ಮುಂಚೆಯೇ ತಿಳಿಯಬೇಕೆಂದರೆ ನಾಲ್ಕು ಸುತ್ತು ಸುತ್ತಿ ಸ್ಪಿರಿಟ್‌ನಿಂದ ತೋಯಿಸಿ ನೋಡಿ. ಜರಿಯಂಥ ಲೋಹದ ದಾರಕ್ಕೆ ಈ ತೊಂದರೆಯಿಲ್ಲ. ಆದರೆ ಅದು ಬಿರುಸು, ಪುಟಿಯುತ್ತದೆ. ಮೊದಲ ಕೋಲಿಗೆ ಅದನ್ನು ತರಲೇಬೇಡಿ.

ಎಪಾಕ್ಸಿಯ ಎರಡು ಭಾಗಗಳನ್ನು ಎರಡು ಬೇರೆ ಬೇರೆ ಸಿರಿಂಜಿನಲ್ಲಿ, ತಯಾರಕರು ಹೇಳಿದ ಪ್ರಮಾಣದಲ್ಲಿ ಅಳೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ. ಹರಡಿದಾಗ ಬಿಸಿ ಆರಿ ಬೇಗ ಗಟ್ಟಿಯಾಗುವುದಿಲ್ಲ, ಗುಳ್ಳೆಗಳೂ ಮೇಲೆ ಬಂದು ಒಡೆಯುತ್ತವೆ. ಹಚ್ಚಿದ ಮೇಲೆ ಕೋಲು ಗಂಟೆಗಟ್ಟಲೆ ತಿರುಗುತ್ತಲೇ ಇರಬೇಕು. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ಇದಕ್ಕೆ ಧಾರಾಳ ಸಾಕು. ಅಮೆರಿಕದ ಕೈಪಿಡಿಗಳು ಹೇಳದ ಒಂದು ವಿಷಯ ನಮ್ಮಲ್ಲಿ ಮುಖ್ಯ: ಮೋಟಾರನ್ನು ಯುಪಿಎಸ್‌ಗೆ ಜೋಡಿಸಿ. ನಡುವೆ ಕರೆಂಟ್ ಹೋಗಿ ಕೋಲು ನಿಂತರೆ ಅಂಟು ಕೆಳಗಿಳಿದು ಹೊಟ್ಟೆ ಕಟ್ಟುತ್ತದೆ. ಬೆಂಗಳೂರಿನ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಗಾಳಿಯ ತೇವ ಕೆಲವು ಎಪಾಕ್ಸಿಗಳ ಮೈಮೇಲೆ ಮಂಜು ಕವಿದಂಥ ಜಿಡ್ಡು ಪದರ ತರುತ್ತದೆ, ಕಿಟಕಿ ಮುಚ್ಚಿ ಒಣ ಹವೆ ಮಾಡಿಕೊಂಡೇ ಹಚ್ಚಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲಿ ದಾರ ಮುಟ್ಟಬೇಡಿ. ಎಣ್ಣೆ ತಗುಲಿದಲ್ಲಿ ಅಂಟು ಹಿಂಜರಿದು ಕುಳಿ ಬೀಳುತ್ತದೆ. ಮೊದಲ ಲೇಪ ದಾರ ಕುಡಿಯುವಷ್ಟು ತೆಳುವಾಗಿರಲಿ, ಮೈ ಸಮ ಮಾಡುವ ಕೆಲಸವನ್ನು ಎರಡನೆಯದಕ್ಕೆ ಬಿಡಿ.

ಚಿತ್ತಾರ ಎಲ್ಲಿಯವರೆಗೆ ಹೋಗಬಹುದು ಎಂಬುದರಲ್ಲಿ ನಾನು ಸ್ವಲ್ಪ ಹಟಮಾರಿ. ಮೀನು ಎಳೆದಾಗ ಕೋಲು ಬಾಗುವ ಭಾಗಕ್ಕೆ ಗೈಡ್ ಕಟ್ಟುವಷ್ಟು ದಾರ ಬಿಟ್ಟರೆ ಬೇರೇನೂ ಬೇಡ. ಗಟ್ಟಿ ಅಂಟಿನ ಉದ್ದನೆಯ ಕವಚ ಬಾಗಿದಾಗ ಬಿರಿಯುತ್ತದೆ, ಕೋಲಿನ ಬಾಗನ್ನೂ ಮಂಕಾಗಿಸುತ್ತದೆ. ಹಿಡಿಯ ಮುಂದಿನ ಒಂದು ಗೇಣು ಸಾಕು. ಮಲ್ಪೆ, ಕಾರವಾರದ ಕಡೆ ಕಡಲಿಗೆ ಗಾಳ ಹಾಕುವವರ ದಪ್ಪ ಬುಡದ ಕೋಲು ಅಷ್ಟನ್ನು ಸುಲಭವಾಗಿ ಹೊರುತ್ತದೆ. ಹೊಳೆಯಲ್ಲಿ ದಿನವಿಡೀ ಕೈಯಲ್ಲೇ ಬೀಸುವ ಹಗುರ ಫ್ಲೈ ಕೋಲಿಗೆ ಬೆರಳಗಲದ ಪಟ್ಟಿಯೂ ಹೆಚ್ಚೇ.

ಕಲಿಯಲು ಹೊಸ ಕೋಲು ಕೊಳ್ಳಬೇಡಿ. ಮುರಿದ ಕೋಲಿನ ಬುಡದ ತುಂಡೊಂದನ್ನು ಗಾಳದ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ತಿಳಿ ಬಣ್ಣದ್ದಾದರೆ ಒಳ್ಳೆಯದು, ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ಎರಡೇ ಬಣ್ಣದ ‘ಡಿ’ ದಾರದಲ್ಲಿ ಐದು ಸಂಧಿಗಳ ವಜ್ರ ಸುತ್ತಿ, ಅಂಟು ಹಚ್ಚದೆ ಫೋಟೊ ತೆಗೆದುಕೊಂಡು ಬಿಚ್ಚಿಹಾಕಿ, ಮತ್ತೆ ಸುತ್ತಿ. ಐದೂ ಸಂಧಿಗಳು ಗೆರೆಯ ಮೇಲೆ ನಿಂತ ದಿನ ಮೂರನೆಯ ಬಣ್ಣ ತರಿಸಿ.